ಎಲೆಯಷ್ಟು ಸಂದು

ಪರದೆಯ ಮೇಲೆ ಎರಡು ಉಂಗುರಗಳಿದ್ದವು, ಒಂದರೊಳಗೆ ಒಂದು. ಒಳಗಿನದು ಕೆಂಪು, ಹೊರಗಿನದು ಹಸಿರು, ಎರಡರ ನಡುವೆ ಸುತ್ತಲೂ ಸಮನಾಗಿ ಹರಿದ ಕಪ್ಪು ಸಂದು. ಶಿವಕುಮಾರಸ್ವಾಮಿ ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಸಂದು ಕಿರಿದಾಗಲಿಲ್ಲ. ನೋಡುತ್ತ ಕುಳಿತರೆ ಅದು ಉಸಿರಾಡುವಂತೆ ಕಾಣುತ್ತಿತ್ತು. ಹುಟ್ಟೂರು ಅಗರದ ಮನೆಯ ಹಿತ್ತಲ ಬಾವಿಯನ್ನು ಬಗ್ಗಿ ನೋಡುವಾಗ ಮೇಲೊಂದು ಕಲ್ಲಿನ ಉಂಗುರ, ಆಳದಲ್ಲೊಂದು ನೀರಿನ ಉಂಗುರ, ನಡುವೆ ಪಾಚಿಗಟ್ಟಿದ ಕತ್ತಲು ಸುತ್ತುತ್ತ ಸುತ್ತುತ್ತ ಇಳಿಯುತ್ತಿದ್ದ ಹಾಗೆ. ಆಗ ಅವ್ವ ಹಿಂದಿನಿಂದ ಉಡಿದಾರ ಹಿಡಿದುಕೊಂಡಿರುತ್ತಿದ್ದಳು. ಈಗ ಬೆನ್ನ ಹಿಂದೆ ಇದ್ದವನು ಮಹದೇವಸ್ವಾಮಿ, ಹೆಂಡತಿಯ ಅಣ್ಣನ ಮಗ, ಕೊಳ್ಳೇಗಾಲದ ಈ ಅಚ್ಚಿನ ಶೆಡ್ಡಿನ ಓನರು. ಅವನು ಫೋನನ್ನು ಅಂಗೈಯ ಮೇಲೆ ಅಂಗಾತ ಮಲಗಿಸಿ, ಸ್ಪೀಕರ್ ಹಾಕಿಕೊಂಡು, ಹನೂರಿಗೆ ಹೊಸ ಅಚ್ಚು ಕೂರಿಸಲು ಹೋಗಿದ್ದ ರಂಗನಾಯಕನನ್ನು ಬೈಯುತ್ತಿದ್ದ.

“ಅಂಚೆಲ್ಲ ಕುಚ್ಚು ಕುಚ್ಚು ಬತ್ತಾ ಅದೆ ಅಂತ ಆಯಮ್ಮ ಫೋಟೋ ಕಳ್ಸವ್ರೆ. ಎಲೆ ಕತ್ತರಿಸಕ್ಕೆ ಅಚ್ಚು ಮಾಡ್ಲಾ ಅಂದ್ರೆ ಎಲೆ ಅಗಿಯಕ್ಕೆ ಮಾಡಿದ್ದೀಯಲ್ಲೋ!”

“ಡ್ರಾಯಿಂಗ್‌ನಾಗೆ ಇದ್ದಂಗೇ ಮಾಡಿವ್ನಿ ಸಾ.” ರಂಗನಾಯಕನ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತೆ ಬಂತು.

“ಡ್ರಾಯಿಂಗ್ ಬರ್ದೋರು ನಮ್ಮ ಮಾವ. ಅವ್ರದು ತಪ್ಪು ಅಂತೀಯಾ?”

“ಅಯ್ಯೋ, ಎಲ್ಲಾದ್ರೂ ಅಂಗಂದನಾ ಸಾ?”

“ಮತ್ತೆ? ಗ್ರೈಂಡಿಂಗ್ ಕಲ್ಲಿಗೆ ಪಂಚು ಜಾಸ್ತಿ ತಿನ್ಸಿದ್ದೀಯ. ಕಣ್ಣು ಕಾಣ್ದೆ ಇದ್ರೆ ಮನೇಲಿ ಬಿದ್ದಿರ್ಬೇಕು ಕಣ್ಲಾ. ಮಾವನ್ನ ಕಳಿಸ್ತೀನಿ, ಅಳೀತಾರೆ. ನಿಂದೇ ತಪ್ಪು ಅಂತ ಆಯ್ತೋ, ನಾಳಿಂದ ಇತ್ಲಾಗೆ ತಲೆ ಆಕ್ಬೇಡ.”

ಫೋನು ನಿಂತಿತು. ಕುಚ್ಚು ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಶಿವಕುಮಾರಸ್ವಾಮಿಗೆ ಎಲ್ಲ ಗೊತ್ತಾಗಿಹೋಗಿತ್ತು. ಪರದೆಯನ್ನು ತೆರೆದು ನೋಡಿದ್ದು ಸುಮ್ಮನೆ, ಹಲ್ಲು ನೋಯುವಾಗ ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ. ಹನೂರಿನ ಚನ್ನಮಲ್ಲಮ್ಮ ಮುತ್ತುಗದ ಎಲೆಯಲ್ಲಿ ದೊನ್ನೆ ಒತ್ತುವಾಕೆ. ಅವಳ ಪುಟ್ಟ ದೊನ್ನೆಯ ಅಚ್ಚನ್ನು ಬಹಳ ಹಿಂದೆ ಬರೆದುಕೊಟ್ಟವನು ಇವನೇ, ಕಡೆದು ಕೂರಿಸಿದವನು ರಂಗನಾಯಕನೇ. ಇವತ್ತಿಗೂ ಅದು ಬೆಣ್ಣೆ ಕೊಯ್ದಂತೆ ಎಲೆ ಕೊಯ್ಯುತ್ತದೆ. ಆಗೆಲ್ಲ ಬ್ರೌನ್ ಶೀಟಿನ ಮೇಲೆ ಸೀಸದಕಡ್ಡಿ. ಮೊದಲು ಒಳಗಿಳಿಯುವ ಗಂಡಚ್ಚು, ಅಂದರೆ ಪಂಚು ಬರೆಯುವುದು, ಆಮೇಲೆ ಎಲೆಯನ್ನು ಬೆರಳಲ್ಲಿ ಹಿಸುಕಿ ನೋಡಿ, ಅದರ ದಪ್ಪ ಮನಸ್ಸಿಗೆ ಬಂದಮೇಲೆ, ಒಂದು ಕೂದಲೆಳೆಯಷ್ಟು ಜಾಗ ಬಿಟ್ಟು ಸುತ್ತಲೂ ಹೆಣ್ಣಚ್ಚು, ಅಂದರೆ ಡೈ ಬರೆಯುವುದು. ಈ ಸಲ ಮಾದಪ್ಪನ ಪರದ ಊಟಕ್ಕೆ ದೊನ್ನೆಯ ಆಕಾರದ್ದೇ ಅಗಲ ತಟ್ಟೆ ಬೇಕು, ಮೂರು ಪಟ್ಟು ದೊಡ್ಡದು, ಎಂದಳು ಚನ್ನಮಲ್ಲಮ್ಮ. ಓನರ ಮಗಳು ಮಧುಶ್ರೀ ಇವನಿಗೆ ಕಂಪ್ಯೂಟರಿನಲ್ಲಿ ಗೆರೆ ಎಳೆಯಲು ಕಲಿಸಿಕೊಟ್ಟಿದ್ದಳು. ಹಳೆಯ ದೊನ್ನೆಯ ಗೆರೆಗಳನ್ನು ಅದರೊಳಗೆ ಇಳಿಸಿ, ಎರಡು ಉಂಗುರಗಳನ್ನೂ ಒಟ್ಟಿಗೆ ಹಿಡಿದು, ಸ್ಕೇಲ್ ಎಂದು ಒತ್ತಿ, ಮೂರು ಎಂದು ಒತ್ತಿ, ಎಂಟರ್ ಹೊಡೆದಿದ್ದ. ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಎರಡೂ ಒಮ್ಮೆಲೇ ಉಬ್ಬಿ ನಿಂತಿದ್ದವು. ಆ ಸಂಜೆ ಎಷ್ಟು ಖುಷಿಯಾಗಿತ್ತೆಂದರೆ, ಚಿಕ್ಕ ಹುಡುಗನ ಹಾಗೆ ಮತ್ತೆ ಸಣ್ಣದು ಮಾಡಿ, ಮತ್ತೆ ದೊಡ್ಡದು ಮಾಡಿ, ಒಬ್ಬನೇ ನಕ್ಕಿದ್ದ. ಉಂಗುರಗಳ ಜೊತೆಗೆ ನಡುವಿನ ಸಂದೂ ಮೂರು ಪಟ್ಟಾಯಿತೆಂದು ಹೊಳೆದಿರಲಿಲ್ಲ. ತಟ್ಟೆ ಎಷ್ಟು ಅಗಲವಾದರೂ ಎಲೆಯ ದಪ್ಪ ಇದ್ದಷ್ಟೇ ಇರುತ್ತದೆ. ಮುತ್ತುಗದ ಮರಕ್ಕೆ ಎಂಟರ್ ಹೊಡೆಯುವವರು ಯಾರು? ಕೊಯ್ಯುವ ಬಾಯಿ ದೊಗಳೆಯಾದಮೇಲೆ ಎಲೆ ಕೊಯ್ಯಿಸಿಕೊಳ್ಳುವುದಿಲ್ಲ, ಸಂದಿನೊಳಕ್ಕೆ ಜಾರಿ ಮಡಚಿಕೊಂಡು ನಾರುನಾರಾಗಿ ಹರಿಯುತ್ತದೆ.

ಹೇಳಬೇಕೆಂದು ಕುರ್ಚಿ ತಿರುಗಿಸಿದ. ಮಾತು ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಮಹದೇವಸ್ವಾಮಿ ಟೀ ಲೋಟವನ್ನು ತಾನೇ ತಂದು ಮೇಜಿನ ಮೇಲಿಟ್ಟು, “ನೋಡಿ ಮಾವ, ಗೆರೆ ಎಳೆಯೋದು ನೀವು, ಕೆಡಿಸೋದು ಇವ್ರು. ನಿಮ್ಮಂಥೋರು ಒಬ್ರು ಇಲ್ದಿದ್ರೆ ಈ ಶೆಡ್ಡು ಯಾವತ್ತೋ ಮುಚ್ಚೋಯ್ತಿತ್ತು. ಒಂದ್ಸಲ ಓಗಿ ಅಳ್ದು ಬಂದ್ಬುಡಿ” ಎಂದ. ಟೀ ಬಿಸಿಯಾಗಿತ್ತು. ಮಾತು ಟೀ ಜೊತೆಗೆ ಹೊಟ್ಟೆಗಿಳಿಯಿತು. ಸ್ವಲ್ಪ ಹೊತ್ತಿಗೆ ನೋಡಿದರೆ, ಅವನದೇ ಕೈಗಳು ಅಳತೆಯ ವರ್ನಿಯರನ್ನೂ ಸಂದು ಅಳೆಯುವ ಫೀಲರ್ ಗೇಜನ್ನೂ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದವು, ಪಂಚಾಯಿತಿ ಮಾಡಲು ಹೊರಟ ಯಜಮಾನನ ಕೈಗಳ ಹಾಗೆ.

ಹನೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಜು ಚೌಕಟ್ಟಿಗೆ ಸರಿಯಾಗಿ ಕೂತಿರಲಿಲ್ಲ. ಬಸ್ಸು ಕುಲುಕಿದಂತೆಲ್ಲ ಸಂದಿನಲ್ಲಿ ಕಟಕಟ ಎನ್ನುತ್ತಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ದಾರಿ ಬಿಡದೆ ತೇಲುತ್ತ ಹೋಗುತ್ತಿತ್ತು. ಕುಂತೂರಿನ ಸಕ್ಕರೆ ಕಾರ್ಖಾನೆಯ ಕಡೆ ಹೋಗಬೇಕಾದ್ದು ಈ ದಾರಿಗೆ ಯಾಕೆ ಬಂತು ಎಂದುಕೊಂಡ, ಆಮೇಲೆ ಅದು ಎಲ್ಲಿಗಾದರೂ ಹೋಗಲಿ ಎನಿಸಿತು. ಬಿಸಿಲು ರೆಪ್ಪೆಯ ಮೇಲೆ ಕೂತಿತು. ಯಾರೋ ಸ್ಕೇಲ್ ಎಂದು ಒತ್ತಿದರು. ಟ್ರ್ಯಾಕ್ಟರು ಮೂರು ಪಟ್ಟಾಯಿತು, ಜಲ್ಲೆಗಳು ತೆಂಗಿನ ಮರದಷ್ಟಾದವು, ಕಂಡಕ್ಟರನ ಸೀಟಿಯ ಸದ್ದು ಗುಡ್ಡ ದಾಟಿ ಹೋಗಿ ತಡವಾಗಿ ಮರಳಿತು, ಮುಂದಿನ ಸೀಟಿನ ಹೆಂಗಸಿನ ಮುಡಿಯ ಕನಕಾಂಬರ ಕೈಗೆಟುಕದಷ್ಟು ದೂರಕ್ಕೆ ಸರಿಯಿತು. ಅಗರದ ಮನೆ ಬಂತು. ಆ ಮನೆಯೆಂದರೆ ಒಂದು ಜಗಲಿ, ಒಂದು ಹೊಸಿಲು, ಒಂದು ನಡುಮನೆ. ಹಬ್ಬಕ್ಕೆಂದು ಕರೆತಂದ ರಂಗನಾಯಕ ಜಗಲಿಯ ಮೇಲೆ ಮುತ್ತುಗದೆಲೆಯಲ್ಲಿ ಉಣ್ಣುತ್ತಿದ್ದಾನೆ. ಒಳಗೆ ಸ್ಟೀಲು ತಟ್ಟೆಯಲ್ಲಿ ಇವನು. ನಡುವೆ ಹೊಸಿಲು ಅಷ್ಟೇ. ಆಚೆಯಿಂದ ಅವನು ಏನೋ ತಮಾಷೆ ಹೇಳಿದರೆ ಈಚೆಯಿಂದ ಇವನು ಅನ್ನ ನೆತ್ತಿಗೇರುವಂತೆ ನಗುತ್ತಾನೆ. ಅವ್ವ ಕೈ ಮೇಲೆತ್ತಿ, ಎಲೆಗೆ ತಾಗದಂತೆ ಸಾರು ಬಿಡುತ್ತಾಳೆ. “ಎಲೆ ಊಟಾನೇ ಚೆಂದ ಕಣವ್ವ” ಎನ್ನುತ್ತಾನೆ ರಂಗನಾಯಕ. ಮತ್ತೆ ಯಾರೋ ಎಂಟರ್ ಹೊಡೆದರು. ಜಗಲಿ ಹೋಗಿ ಕೊಳ್ಳೇಗಾಲದ ಮನೆಯಾಯಿತು. ಹಾಲ್ ದೊಡ್ಡದು, ಟೈಲ್ಸು ಕನ್ನಡಿಯಂಥದು, ಊಟಕ್ಕೆ ಮೇಜು ಬೇರೆ. ರಂಗನಾಯಕ ಗೇಟಿನ ಹೊರಗೆ ನಿಂತು ಸೈಕಲ್ ಗಂಟೆ ಹೊಡೆಯುತ್ತಾನೆ. ಒಳಗೆ ಬರಬೇಡ ಎಂದು ಅವನಿಗೆ ಯಾರೂ ಹೇಳಿಲ್ಲ.

ಕಣ್ಣು ಬಿಟ್ಟಾಗ ಬಸ್ಸು ಕಾಮಗೆರೆಯಲ್ಲಿ ನಿಂತಿತ್ತು. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಮುದುಕಿಯೊಬ್ಬಳನ್ನು ಸೊಸೆಯೋ ಮಗಳೋ ತಬ್ಬಿ ಹತ್ತಿಸುತ್ತಿದ್ದಳು. ಹೋದ ವರ್ಷ ರಂಗನಾಯಕನ ಕಣ್ಣಿನ ಪೊರೆ ತೆಗೆಸಲು ಇವನೇ ಇಲ್ಲಿನ ಆಸ್ಪತ್ರೆಗೆ ಜೊತೆಗೆ ಬಂದಿದ್ದ. ನರ್ಸು ಬಂದು, “ನೀವು ಅವ್ರಿಗೆ ಏನಾಗ್ಬೇಕು?” ಎಂದಿದ್ದಳು. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ರಂಗನಾಯಕ ಆ ಉತ್ತರಕ್ಕಾಗಿ ತಲೆಯನ್ನು ಇತ್ತ ತಿರುಗಿಸಿದ್ದ. “ಏನೂ ಆಗ್ಬೇಕಾಗಿಲ್ಲ, ಒಂದೇ ಕಡೆ ಕೆಲಸ” ಎಂದಿದ್ದ ಇವನು. ಸುಳ್ಳೇನಲ್ಲ. ತಲೆ ನಿಧಾನವಾಗಿ ಗೋಡೆಯ ಕಡೆಗೆ ತಿರುಗಿಕೊಂಡಿತ್ತು. ಇಲ್ಲೇ ಇಳಿದುಬಿಟ್ಟರೆ? ಹೊಟ್ಟೆನೋವು ಎಂದರೆ? ಅಳೆದೆ, ಪಂಚು ಸಣ್ಣದಾಗಿದೆ ಎಂದು ಹೇಳಿದರೂ ಸುಳ್ಳಲ್ಲ, ಸಣ್ಣದೇ ಆಗಿದೆ. ಯಾರಿಂದ ಎಂಬ ಮಾತನ್ನು ಬೇರೆಯವರು ತಾವಾಗಿ ತುಂಬಿಕೊಳ್ಳುತ್ತಾರೆ. ಹೀಗೊಂದು ದಾರಿ ಕಂಡದ್ದಕ್ಕೆ ಎದೆ ಹಗುರಾಯಿತು. ಹಗುರಾದದ್ದು ಗೊತ್ತಾದ ಕೂಡಲೇ, ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿನಿಂದ ಮುಟ್ಟಿಕೊಂಡ. ಬಸ್ಸು ಹೊರಟಿತು.

ಚನ್ನಮಲ್ಲಮ್ಮನ ಶೆಡ್ಡು ಒಣಗಿದ ಎಲೆಯ ವಾಸನೆಯಿಂದ ತುಂಬಿತ್ತು. ಗೋಡೆಗೊರಗಿ ಕುಳಿತ ನಾಲ್ಕೈದು ಹೆಂಗಸರು ಮುತ್ತುಗದೆಲೆಗೆ ಕಡ್ಡಿ ಚುಚ್ಚಿ ಚುಚ್ಚಿ ಸೇರಿಸುತ್ತಿದ್ದರು. ಹೊಸ ಅಚ್ಚು ಒತ್ತಿದ ಮೊದಲನೆಯ ತಟ್ಟೆ ಮಾದಪ್ಪನ ಪಾಲೆಂದು ಮೆಷಿನ್ನಿನ ಬುಡದಲ್ಲಿ ವಿಭೂತಿ, ಬೆಲ್ಲದಚ್ಚು ಇಟ್ಟು ಪೂಜೆ ಮಾಡುವುದು ಇಲ್ಲಿನ ರೂಢಿ. ಅದರಂತೆ ಇಟ್ಟಿದ್ದ ತಟ್ಟೆಯ ಸುತ್ತಲೂ ನಾರು ಜೋತು, ಬೆಲ್ಲಕ್ಕೆ ಬಂದ ಇರುವೆಗಳು ಆ ನಾರು ಹಿಡಿದು ಹತ್ತಿಳಿಯುತ್ತಿದ್ದವು.

“ಬನ್ನಿ ಸ್ವಾಮಿ, ಬನ್ನಿ” ಎಂದಳು ಚನ್ನಮಲ್ಲಮ್ಮ, ಎಲೆಯ ಪುಡಿಯನ್ನು ಸೆರಗಿನಿಂದ ಕೊಡವಿಕೊಳ್ಳುತ್ತ. “ಗಂಡಚ್ಚು ಹೆಣ್ಣಚ್ಚು ಎರಡ್ನೂ ನೀವೇ ನೋಡಿ ಗಂಟಾಕುದ್ರಿ. ಈಗ ನೋಡುದ್ರೆ ಒಂದುಕ್ಕೊಂದು ಮುಖಾನೇ ಕೊಡ್ತಾ ಇಲ್ವಲ್ಲ! ಸೋಮಾರ ಪರ ಮಡಗಿವ್ನಿ. ಈ ಗಡ್ಡದ ತಟ್ಟೇಲಿ ಇಕ್ಕುದ್ರೆ, ಉಣ್ಣಕ್ಕೆ ಕೂತೋರು ಕ್ಷೌರಕ್ಕೆ ಯಾರ್ನ ಕರೀಲವ್ವಾ ಅಂತಾರೆ.” ಹೆಂಗಸರು ಕಿಸಕ್ಕನೆ ನಕ್ಕರು.

ರಂಗನಾಯಕ ನಗಲಿಲ್ಲ. ಅವನು ಮೆಷಿನ್ನಿನ ಹಿಂದಿನಿಂದ ಎದ್ದು ಬಂದ. ಬೆಳಗಿನಿಂದ ಮುಖ ತೊಳೆದಂತಿರಲಿಲ್ಲ. ಆದರೆ ಇವನನ್ನು ಕಂಡೊಡನೆ ಅವನ ಮುಖದಲ್ಲಿ ಏನೋ ತೆರೆದುಕೊಂಡಿತು. “ಸ್ವಾಮಣ್ಣಾರು ಬಂದ್ರಲ್ಲ, ಇನ್ನು ನಂಗೇನೂ ಇಲ್ಲ ಬುಡಿ” ಎಂದು ಹೆಂಗಸರಿಗೆ ಕೇಳುವಂತೆ ಹೇಳಿ, ಹತ್ತಿರ ಬಂದ. ಆ ನಂಬಿಕೆಯ ಮುಂದೆ ನಿಲ್ಲುವುದಕ್ಕಿಂತ ಅಳೆಯುವುದು ಸುಲಭವಾಗಿತ್ತು. ಶಿವಕುಮಾರಸ್ವಾಮಿ ಚೀಲ ಬಿಚ್ಚಿದ.

ಅಳೆದ. ಪಂಚನ್ನು ಅಳೆದ, ಡೈಯನ್ನು ಅಳೆದ, ಪಂಚನ್ನು ಬಾಯೊಳಕ್ಕೆ ಇಳಿಸಿ ಗೇಜಿನ ತೆಳು ತಗಡುಗಳನ್ನು ಒಂದೊಂದಾಗಿ ಸಂದಿಗೆ ತೂರಿಸಿದ. ಎಲ್ಲ ಕಡೆಯೂ ಒಂದೇ. ಉತ್ತರಕ್ಕೆ ಎಷ್ಟೋ ದಕ್ಷಿಣಕ್ಕೂ ಅಷ್ಟೇ. ಕಾಗದದಲ್ಲಿ ಬರೆದುಕೊಟ್ಟದ್ದಕ್ಕೂ ಕಬ್ಬಿಣದಲ್ಲಿ ಇದ್ದುದಕ್ಕೂ ಒಂದು ಕೂದಲಿನ ವ್ಯತ್ಯಾಸವಿರಲಿಲ್ಲ. ಇಂಥ ಚೊಕ್ಕ ಕೆಲಸವನ್ನು ಅವನು ಈಚೆಗೆ ನೋಡಿಯೇ ಇರಲಿಲ್ಲ. ತನ್ನ ತಪ್ಪನ್ನು ಇಷ್ಟು ಶ್ರದ್ಧೆಯಿಂದ, ಇಷ್ಟು ನುಣುಪಾಗಿ, ಬೆಳಕು ಬಿದ್ದರೆ ಹೊಳೆಯುವಂತೆ ಇನ್ನೊಬ್ಬ ಕಡೆದಿಟ್ಟಿದ್ದಾನೆ. ಬೆರಳು ಅಂಚಿನ ಮೇಲೆ ಸುತ್ತು ಹೋಗಿ ಸುತ್ತು ಬಂತು. ನಿದ್ದೆಯಲ್ಲಿ ಯಾರದೋ ಮುಖ ಸವರಿದಂತೆ ಆಯಿತು.

ರಂಗನಾಯಕ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಹೆಂಗಸರಿಗೆ ಕೇಳದಂತೆ ಪಿಸುಗುಟ್ಟಿದ. “ಜಾಸ್ತಿ ತಿಂದ್ಬುಟ್ಟಿವ್ನಾ, ಸ್ವಾಮಣ್ಣಾರೆ?”

ಇವನು ಗೇಜಿನ ತಗಡುಗಳನ್ನು ಒಂದೊಂದಾಗಿ ಮಡಚಿದ.

“ತಿಂದಿರ್ತೀನಿ. ಕಣ್ಣು ಮಾಡಿಸ್ದಾಗ್ನಿಂದ ಗೆರೆಯೆಲ್ಲ ಚೆನ್ನಾಗೇ ಕಾಣ್ತದೆ. ಆದ್ರೆ ಕೈ ನಡುಗ್ತದಾ ಏನು ಅಂತ ಅನುಮಾನ. ಬೆಳಿಗ್ಗೆ ಓನರ್ರು ಅಂದ್ಮೇಲೆ ಈ ಕೈಯ ಇಂಗೆ ಚಾಚ್ಕಂಡು ನೋಡ್ತಾನೇ ಇವ್ನಿ. ಒಂದ್ಸಲ ನಡುಗ್ದಂಗೆ ಕಾಣ್ತದೆ, ಒಂದ್ಸಲ ಇಲ್ಲ.” ಅವನು ಎರಡೂ ಕೈಗಳನ್ನು ಮುಂದೆ ಚಾಚಿದ. ಉಗುರು ಸಂದುಗಳಲ್ಲಿ ಕರಿ ಎಣ್ಣೆ, ಹೆಬ್ಬೆರಳಿನ ಮೇಲೆ ಹಳೆಯ ಸುಟ್ಟ ಕಲೆ. ಕೈ ನಡುಗುತ್ತಿರಲಿಲ್ಲ. “ಒಂದ್ ಮಾತು ನಡೆಸ್ಕೊಡಿ. ಹದ ಹಾಕ್ದಾಗ ಬೆಂಕೀಲಿ ಸೊಟ್ಟಾಗದೆ ಅಂದ್ಬುಡಿ. ಬೆಂಕಿಗೆ ಯಾರೂ ಬಯ್ಯಕ್ಕಿಲ್ಲ. ಈ ವಯಸ್ನಲ್ಲಿ ಇನ್ಯಾರ ಶೆಡ್ಡಿಗೆ ಓಗಿ ಕೈ ತೋರ್ಸಲಿ?”

ಬೆಂಕಿ. ಇದು ಹೊಳೆದೇ ಇರಲಿಲ್ಲ. ಇವನೂ ಉಳಿಯುತ್ತಾನೆ, ಅವನೂ ಉಳಿಯುತ್ತಾನೆ, ಯಾರಿಗೂ ನೋವಿಲ್ಲ. ಬೇಡಿಕೊಂಡವನು ಅವನೇ, ನಡೆಸಿಕೊಟ್ಟರೆ ಉಪಕಾರವೂ ಆಗುತ್ತದೆ. ರಂಗನಾಯಕ ಬದುಕಿರುವಷ್ಟು ದಿನ, ಸ್ವಾಮಣ್ಣಾರು ಕಾಪಾಡಿದರು ಎಂದು ಹೇಳಿಕೊಂಡು ತಿರುಗುತ್ತಾನೆ, ಮತ್ತೆ ತನ್ನ ಕೈಯನ್ನು ಚಾಚಿ ಚಾಚಿ ನೋಡಿಕೊಳ್ಳುತ್ತಾನೆ. ಮನೆಯಲ್ಲಿ ಚಾಚುತ್ತಾನೆ, ಲೇತಿನ ಮುಂದೆ ಚಾಚುತ್ತಾನೆ, ಉಣ್ಣುವ ಮುಂಚೆ ಚಾಚುತ್ತಾನೆ. ಎಲೆಗಳ ಸರಬರ ಸದ್ದು ಎಲ್ಲೋ ದೂರದ ಕಾಡಿನಲ್ಲಿ ಆದಂತೆ ಕೇಳಿಸಿತು. ಹೆಂಗಸರ ಬೆರಳುಗಳು ನೀರಿನೊಳಗಿನ ಮೀನುಗಳ ಹಾಗೆ ಎಲೆಯ ಮೇಲೂ ಕೆಳಗೂ ಹೋಗಿ ಬರುತ್ತಿದ್ದವು. ಆ ಸದ್ದಿನೊಳಗೆ ಫೋನು ಹೊಡೆದುಕೊಂಡಾಗ, ಶಿವಕುಮಾರಸ್ವಾಮಿ ಅದನ್ನು ಕಿವಿಗೆ ಹಿಡಿಯಲಿಲ್ಲ. ಅಚ್ಚಿನ ಮೇಲಿಟ್ಟು ಸ್ಪೀಕರ್ ಒತ್ತಿದ.

“ಏನಾಯ್ತು ಮಾವ? ಎಷ್ಟು ತಿಂದವ್ನೆ?”

“ಅವನು ತಿಂದಿಲ್ಲ. ಬರೆದ ಹಾಗೆ ಮಾಡವ್ನೆ.” ದನಿ ತನ್ನದೆನಿಸಲಿಲ್ಲ. “ಬರೆದದ್ದೇ ತಪ್ಪು ಮಹದೇವ. ಎರಡ್ನೂ ಒಟ್ಟಿಗೆ ಹಿಡ್ದು ಮೂರು ಪಾಲು ಎಳೆದ್ಬುಟ್ಟೆ. ಸಂದೂವೆ ಮೂರು ಪಾಲು ಆಗೋಯ್ತು. ಬೆಳಿಗ್ಗೆ ನೀನು ಬಯ್ಯೋವಾಗ್ಲೇ ನಂಗೆ ಗೊತ್ತಿತ್ತು.”

ಹೆಂಗಸರ ಕೈಗಳು ನಿಂತವು. ಫೋನಿನೊಳಗೆ ಕೊಳ್ಳೇಗಾಲದ ಲೇತು ಗುಂಯ್ ಎನ್ನುವುದು ಕೇಳಿಸಿತು. ಬರಲಿರುವುದಕ್ಕೆ ಶಿವಕುಮಾರಸ್ವಾಮಿ ಬೆನ್ನು ಬಗ್ಗಿಸಿಕೊಂಡು ಕಾದ. ಬಂದದ್ದು ನಗು.

“ಅಯ್ಯೋ, ಅಷ್ಟೇನಾ! ಓಗ್ಲಿ ಬುಡಿ ಮಾವ. ಕಂಪ್ಯೂಟರ್ ಅಂದ್ಮೇಲೆ ಆಯ್ತದೆ. ನಮ್ಮ ಮಧುನೂ ಒಂದ್ಸಲ ಇಂಗೇ ಮಾಡಿದ್ಲು. ಡೈ ಇರ್ಲಿ, ಪಂಚು ಒಂದನ್ನೇ ಸ್ವಲ್ಪ ದೊಡ್ಡದಾಗಿ ಹೊಸದು ಹೊಡೆದ್ರಾಯ್ತು. ಬಿಚ್ಕೊಂಡು ಬರಕ್ಕೆ ಯೋಳಿ ಅವ್ನಿಗೆ. ನೀವು ಊಟ ಮಾಡ್ಕಂಡು ನಿಧಾನಕ್ಕೆ ಬನ್ನಿ, ಬಿಸ್ಲು.”

ಇಷ್ಟೇ. ಬೆಳಗಿನಿಂದ ಹೊಟ್ಟೆಯಲ್ಲಿ ಹೊತ್ತು ತಂದದ್ದು ಒಂದು ಹೂವಿನ ತೂಕವೂ ಇರಲಿಲ್ಲ. ಹಗುರಾಗಬೇಕಿತ್ತು. ಶಿವಕುಮಾರಸ್ವಾಮಿ ತಲೆಯೆತ್ತಿದ. ರಂಗನಾಯಕ ಫೋನನ್ನು ನೋಡುತ್ತಿದ್ದ, ಇವನನ್ನಲ್ಲ. ಆ ನಗು ಅವನ ಮುಖದ ಮೇಲೆ ಬಿದ್ದು, ಅಲ್ಲೇ ಒಣಗುತ್ತಿತ್ತು.

“ಮಹದೇವ, ಬೆಳಿಗ್ಗೆ ರಂಗನಿಗೆ ಅಂದ್ಯಲ್ಲ, ಅದನ್ನ ನಂಗೂ ಅನ್ನು.”

“ಏನ್ ಮಾವ?”

“ಅವನಿಗೆ ಅಂದಿದ್ದೆಲ್ಲ ನಂಗೆ ಅನ್ನು. ಅವನು ಇಲ್ಲೇ ಅವ್ನೆ, ಕೇಳಿಸ್ಕೊತಾನೆ.”

“ಏನ್ ತಮಾಷೆ ಮಾಡ್ತೀರಿ ಮಾವ ನೀವು! ನಿಮಗೆ ಬೋದು ನಾನು ಮನೇಲಿ ಅನ್ನ ತಿನ್ನಾದು ಬ್ಯಾಡ್ವಾ?” ಮತ್ತೆ ನಗು. ಫೋನು ಕತ್ತಲಾಯಿತು.

ರಂಗನಾಯಕ ಎದ್ದು ಸ್ಪ್ಯಾನರ್ ತೆಗೆದುಕೊಂಡ. ಒಂದೊಂದೇ ಬೋಲ್ಟು ಸಡಿಲಿಸಿ, ಸಾಲಾಗಿ ನೆಲದ ಮೇಲೆ ಇಟ್ಟ. ಕೈ ಒಂದು ಚೂರೂ ಅಲುಗಲಿಲ್ಲ, ಅವನೂ ಅದನ್ನು ಈಗ ನೋಡಿಕೊಳ್ಳುತ್ತಿರಲಿಲ್ಲ. ಶಿವಕುಮಾರಸ್ವಾಮಿ ಗೇಜನ್ನು ಬಟ್ಟೆಯಲ್ಲಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

“ತಪ್ಪಾಯ್ತು ರಂಗ” ಎಂದ.

ಸ್ಪ್ಯಾನರ್ ನಿಂತಿತು. “ಅವ್ರು ಅನ್ನಕ್ಕಿಲ್ಲ” ಎಂದ ರಂಗನಾಯಕ, ಬೋಲ್ಟಿಗೇ ಹೇಳುವಂತೆ. “ಅವ್ರ ಬಾಯಿಂದ ನಿಮಗೆ ಬರಕ್ಕಿಲ್ಲ.” ಆಮೇಲೆ ತಿರುಗಿದ. ಕುತ್ತಿಗೆಯ ನರ ಉಬ್ಬಿತ್ತು. “ಬೆಳಗಿಂದ ನನ್ನ ಕೈಯ ನಾನೇ ನಂಬ್ದಂಗೆ ಮಾಡ್ಬುಟ್ಯಲ್ಲೋ ಶಿವಕುಮಾರ! ಗೊತ್ತಿತ್ತಂತೆ, ಗೊತ್ತಿತ್ತು! ಗೊತ್ತಿದ್ದು ಬಸ್ ಹತ್ಕಂಡು ಬಂದು, ನನ್ ಮುಂದೆ ಕೂತ್ಕಂಡು ಅಳ್ದೆಯಲ್ಲ, ಏನ್ ಮನುಷ್ಯನ್ಲಾ ನೀನು? ಬೆಂಕಿ ಮೇಲೆ ಆಕಿ ಅಂತ ನಿನ್ನ ಕಾಲ್ ಹಿಡಿಯಂಗೆ ಕೇಳ್ಕಂಡ್ನಲ್ಲ, ಆಗ್ಲೂ ಬಾಯಿ ಬುಡ್ಲಿಲ್ವಲ್ಲ!”

“ಲೇ ರಂಗ!” ಚನ್ನಮಲ್ಲಮ್ಮ ಎದ್ದೇಬಿಟ್ಟಳು. “ಯಾರ್ ಜೊತೆ ಮಾತಾಡ್ತಿದ್ದೀಯ ಅಂತ ಗ್ಯಾನ ಅದಾ ನಿಂಗೆ?”

“ಸುಮ್ಕಿರವ್ವ” ಎಂದ ಶಿವಕುಮಾರಸ್ವಾಮಿ. “ಅನ್ಲಿ.”

ಕಿವಿಯ ಹಿಂದೆ ಬಿಸಿ ಹರಿಯಿತು. ಹೆಂಗಸರ ಮುಂದೆ, ಊರಲ್ಲದ ಊರಿನಲ್ಲಿ, ಯಾರೂ ಯಾವತ್ತೂ ಅನ್ನದ ಮಾತು. ಒಂದೊಂದು ಮಾತೂ ತಡವಾಗಿ, ಆದರೆ ಪೂರ್ತಿಯಾಗಿ ಒಳಗಿಳಿಯಿತು. ರಂಗನಾಯಕನ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರದಲ್ಲಿತ್ತು. ಅದರಲ್ಲಿ ಬೀಡಿಯ ವಾಸನೆ, ಖಾಲಿ ಹೊಟ್ಟೆಯ ಹುಳಿ. ಇಷ್ಟು ಕಾಲ ಒಂದೇ ಶೆಡ್ಡಿನಲ್ಲಿದ್ದೂ ಅವನ ಉಸಿರಿನ ವಾಸನೆ ತನಗೆ ಗೊತ್ತಿರಲಿಲ್ಲವಲ್ಲ ಎಂದು, ಆ ಬೈಗುಳದ ನಡುವೆಯೇ, ಕನಸಿನಲ್ಲಿ ಹೊಳೆದಂತೆ ಹೊಳೆಯಿತು.

ರಂಗನಾಯಕ ಕೊನೆಯ ಬೋಲ್ಟನ್ನು ಬಿಚ್ಚಿ ನೆಲಕ್ಕೆ ಕುಕ್ಕಿದ. “ನೋಡ್ತಾ ನಿಂತ್ಕಬೇಡ, ಹಿಡ್ಕೊ ಆ ಕಡೆಯ.”

ಶಿವಕುಮಾರಸ್ವಾಮಿ ಹಿಡಿದುಕೊಂಡ. ಕಬ್ಬಿಣದ ಅಂಚು ಒತ್ತಿ ಅಂಗೈ ಚುರುಗುಟ್ಟಿತು. ಇಷ್ಟು ವರ್ಷ ಅಚ್ಚು ಬರೆದವನಿಗೆ ಅದರ ತೂಕ ಇಷ್ಟೆಂದು ತೋಳಿಗೆ ತಿಳಿದಿರಲಿಲ್ಲ. ಇಬ್ಬರೂ ಬಗ್ಗಿಕೊಂಡೇ ಬಾಗಿಲ ಕಡೆಗೆ ಸರಿದರು, ರಂಗನಾಯಕ ಮುಂದಕ್ಕೆ, ಇವನು ಹಿಮ್ಮುಖವಾಗಿ.

“ಹಿಂದ್ಗಡೆ ಮೆಟ್ಲದೆ” ಎಂದ ರಂಗನಾಯಕ. ದನಿಯಲ್ಲಿ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಇನ್ನೊಂದೆಜ್ಜೆ. ಹಾಂ. ಈಗ ಇಳಿ.”

ಶಿವಕುಮಾರಸ್ವಾಮಿ ತಿರುಗಿ ನೋಡಲಿಲ್ಲ. ರಂಗನಾಯಕನ ಕಣ್ಣುಗಳನ್ನೇ ನೋಡುತ್ತ, ಕಾಣದ ಮೆಟ್ಟಿಲಿಗೆ ಕಾಲು ಬಿಟ್ಟ.